ಬಸ್ಸಿಗೆ ಹಾಕಬಾರದ ಶಾಫ್ಟುಗಳು

ಮುದನಾಳ

ಅಣ್ಣನವರಿಗೆ ಮಲ್ಲುವಿನ ಶರಣು.

ನೀವು ರಂಗಂಪೇಟೆಗೆ ಹೋದ ಮೇಲೆ ಲಾರಿಯನ್ನು ನಾನೊಬ್ಬನೇ ನಡೆಸುತ್ತಿದ್ದೇನೆ. ನೀವು ಕಳಿಸಿದ ಡಿಫರೆನ್ಷಿಯಲ್ ಲಾಕ್ ತಲುಪಿತು. ‘ಇನ್ನ ಹಿಂದಿನ ಎರಡೂ ಗಾಲಿ ಒಟ್ಟಿಗೇ ತಿರುಗ್ತಾವ, ಕೆಸರಾಗ ಹೂತರ ತಳ್ಳಾಕ ಯಾರೂ ಬ್ಯಾಡ’ ಎಂದು ಚೀಟಿಯಲ್ಲಿ ಬರೆದಿದ್ದೀರಿ. ಯಾರೂ ಬೇಡವೆಂದು ನಾನು ಯಾವತ್ತು ಹೇಳಿದ್ದೆ? ಬಳಿಚಕ್ರದ ಎರೆಹೊಲದಲ್ಲಿ ಮೈತುಂಬ ಕೆಸರಾಗಿ ತಳ್ಳುತ್ತ ನನ್ನನ್ನು ಬೈದವರು ನೀವು. ಆ ಬೈಗುಳ ಒಂದೂ ಮರೆತಿಲ್ಲ.

ಗಾಲಿ ತಿರುಗಿಸುವ ಹಳೆಯ ಆಕ್ಸಲ್ ಶಾಫ್ಟುಗಳ ಹಲ್ಲು ಈ ಲಾಕಿಗೆ ಕೂಡುವುದಿಲ್ಲ. ಹೊಂದುವ ಜೋಡಿ ನಿಮ್ಮ ಪಕ್ಕದ ಸುರಪುರದಲ್ಲಿ ಸಿಗುತ್ತದಂತೆ. ಬಸ್ಸಿಗೆ ಹಾಕಿ ಕಳಿಸಿದರೆ ಕೆಡುತ್ತವೆ ಎಂದು ನಾನು ಹೇಳಿದ್ದಕ್ಕೆ ಶಹಾಪುರದ ಮಿಸ್ತ್ರಿ ತಿರುಪತಿ ನಕ್ಕ: ‘ಶಾಫ್ಟ್ ಅಂದ್ರ ಗಾಜಿನ ಬಳಿ ಏನ್ರಿ, ಒಡ್ಯಾಕ?’

ನಗಲಿ. ನೀವೇ ಹಿಡಿದುಕೊಂಡು ಬನ್ನಿ. ಜೋಡಿಸಲು ಎರಡು ದಿನವಾಗುತ್ತದಂತೆ. ಅಲ್ಲಿಯವರೆಗೆ ನೀವು ಇಲ್ಲೇ ಉಳಿಯಬೇಕಾಗುತ್ತದೆ.

ನಿಮ್ಮ ತಮ್ಮ,
ಮಲ್ಲು