ದೂರದ ಬಸ್ಸು ಮತ್ತೆ ನನ್ನ ಕೈಗೆ

ರೀ, ನೀವು ಗೊರಕೆ ಹೊಡೆಯುತ್ತಿದ್ದಿರಿ, ಎಬ್ಬಿಸಲು ಮನಸ್ಸಾಗಲಿಲ್ಲ, ಅದಕ್ಕೇ ಈ ಚೀಟಿ. ಇವತ್ತಿನಿಂದ ದೂರದ ಬಸ್ಸನ್ನು ಮತ್ತೆ ನಾನೇ ಓಡಿಸುತ್ತೇನೆ. ಮಲಬದ್ಧತೆಯಿಂದ ಹೊಟ್ಟೆ ಉಬ್ಬರ ತಾಳಲಾರದೆ ದಾರಿಯಲ್ಲೇ ಬಸ್ಸು ನಿಲ್ಲಿಸುತ್ತಿದ್ದೆನೆಂದು ನನ್ನನ್ನು ಡಿಪೋದ ಕುರ್ಚಿಯಲ್ಲಿ ಕೂರಿಸಿದ್ದರಲ್ಲ, ನಿನ್ನೆ ಅದೇ ಮೇಲ್ವಿಚಾರಕರು ಕೀಲಿ ಕೊಟ್ಟು, "ಮುಖದಲ್ಲಿ ಕಳೆ ಬಂದಿದೆ, ಏನಮ್ಮಾ ಔಷಧಿ?" ಅಂದರು.

"ನಮ್ಮನೆಯವರ ಅಡುಗೆ ಸಾರ್" ಅಂದೆ.

ಪಾಲಿಶ್ ಮಾಡದ ಅಕ್ಕಿಯ ಅನ್ನ, ಇಡೀ ಕಾಳು, ಸಿಪ್ಪೆ ಸಮೇತ ಹಣ್ಣು ಕೊಟ್ಟಾಗಲೆಲ್ಲ "ನಾನೇನ್ ಹಸುನಾ?" ಎಂದು ರೇಗುತ್ತಿದ್ದೆ. ನೀವು ಜಗ್ಗಲಿಲ್ಲ. ಗೆದ್ದುಬಿಟ್ಟಿರಿ.

ನೆನೆಸಿದ ಹೆಸರುಕಾಳು ಒಲೆಯ ಪಕ್ಕದಲ್ಲಿದೆ, ಬೇಯಿಸಿಕೊಂಡು ನೀವೂ ತಿನ್ನಿ. ನಿಮ್ಮ ತಂಗಿ ತಂದ ಬಿಸ್ಕತ್ತು ಮುಟ್ಟಿದರೆ ನೋಡಿ. ಸಂಜೆ ನಮ್ಮ ಬೀದಿಯ ತಿರುವಿನಲ್ಲಿ ಜೋರಾಗಿ ಹಾರ್ನ್ ಹೊಡೆಯುತ್ತೇನೆ, ಬಾಗಿಲಿಗೆ ಬನ್ನಿ.