ನಾನೇ ಬರ್ರಿ ಅಂದೆ

೧೭ ಜೂನ್, ಮಂಗಳವಾರ. ನಲ್ಲೂರು.

ಈ ಸಲವೂ ಹತ್ತನೇ ತರಗತಿಯಲ್ಲಿ ಗಣಿತಕ್ಕೆ ಒಬ್ಬರೂ ಫೇಲಾಗಿಲ್ಲ ಅಂತ ಬೆಳಿಗ್ಗೆ ಪ್ರಾರ್ಥನೆಯಲ್ಲಿ ಹೆಡ್‌ಮಾಸ್ಟರ್ ವಿರೂಪಾಕ್ಷಪ್ಪನವರು ನನಗೆ ಶಾಲು ಹೊದಿಸಿದರು. ಮಧ್ಯಾಹ್ನ ಅವರೇ ಕರೆದು ಕೈಗೆ ಫೋನ್ ಕೊಟ್ಟರು.

"ಜಗಳೂರಿನಿಂದ ಮೇಘಶ್ರೀ ಮೇಡಂ. ವರ್ಗಾವಣೆಗೆ ನಮ್ಮ ಶಾಲೆ ಕೇಳಬೇಕು ಅಂತಿದಾರೆ. ಮಕ್ಕಳ ವಿಷಯ ನೀವೇ ಹೇಳ್ರಿ, ಅಫ್ಸಾನಾ ಮೇಡಂ" ಅಂದರು, ನನ್ನ ಮುಖ ನೋಡದೆ.

ಆಕೆ ಕಾಯಂ ಗಣಿತ ಶಿಕ್ಷಕಿ. ಬಂದರೆ ಅತಿಥಿ ಶಿಕ್ಷಕಿಗೆ ಜಾಗವಿಲ್ಲ. ಆರು ವರ್ಷದಿಂದ ನಾನು ಅತಿಥಿಯೇ.

"ನಿಮ್ಮ ರಿಸಲ್ಟ್ ನೋಡೇ ಆಸೆ ಆಗೈತ್ರಿ. ಮಕ್ಕಳು ಹೆಂಗೆ?" ಅಂತ ಫೋನಿನಲ್ಲಿ ಮೇಘಶ್ರೀ ಮೇಡಂ ಕೇಳಿದರು.

ಪುಂಡರು, ಹೇಳಿದ ಮಾತು ಕೇಳಲ್ಲ ಅನ್ನಬಹುದಿತ್ತು. ಒಂದು ಸುಳ್ಳು ಸಾಕಿತ್ತು. ಆದರೆ ಎದುರಿನ ಕೋಣೆಯಲ್ಲಿ ಎಂಟನೇ ತರಗತಿಯವರು ಬೋರ್ಡ್ ಒರೆಸಿ, ಗದ್ದಲ ಮಾಡದೆ ನನಗಾಗಿ ಕಾಯುತ್ತಿದ್ದರು.

"ಭಾಳ ಒಳ್ಳೆ ಮಕ್ಕಳು. ಬರ್ರಿ" ಅಂದೆ.

ರಾತ್ರಿ ಊಟ ಯಾಕೆ ಬಿಟ್ಟೆ ಅಂತ ಅಮ್ಮಿ ಕೇಳಿದಳು. ತಲೆನೋವು ಅಂದೆ. ಅಮ್ಮಿಯ ಹತ್ತಿರ ಸುಳ್ಳು ಎಷ್ಟು ಸಲೀಸಾಗಿ ಬಂತು!

ಸಿಟ್ಟು ಮಾಡಿಕೊಳ್ಳಾಕೆ ಒಬ್ಬರಾದರೂ ಬೇಕಲ್ಲ. ಹೆಡ್‌ಮಾಸ್ಟರ್ ಸರ್ ಅವರ ತಪ್ಪಿಲ್ಲ, ಮೇಘಶ್ರೀ ಮೇಡಂ ಅವರದೂ ಇಲ್ಲ. ನಾನೇ ಚೆನ್ನಾಗಿ ಕಲಿಸಿ, ನಾನೇ...