ಗಜ ತಳ ಮುಟ್ಟಲಿಲ್ಲ

ಉಬ್ರಾಣಿ
28 ಸೆಪ್ಟೆಂಬರ್ 2025, ಭಾನುವಾರ

ನನ್ನ ಮುದ್ದು ಅಮ್ಮ,

ನಿನ್ನ ಮಗಳು ಚೆನ್ನಾಗಿದ್ದಾಳೆ, ಕೈಕಾಲು ಸರಿಯಾಗಿವೆ. ಇದನ್ನು ಮೊದಲೇ ಬರೆಯದಿದ್ದರೆ ನೀನು ಅರ್ಧ ಓದಿ ಜಗಳೂರಿನಲ್ಲಿ ಬಸ್ ಹತ್ತಿಬಿಡುತ್ತೀ. ಫೋನ್ ಮಾಡಬಹುದಿತ್ತು. ಆದರೆ ನೀನು ಸ್ಪೀಕರ್ ಹಾಕುತ್ತೀ, ಅಪ್ಪ ಕೇಳಿಸಿಕೊಳ್ಳುತ್ತಾರೆ. ಇಲ್ಲಿ ನಾನು ಪಿಸುಗುಟ್ಟಿದರೂ ಅಡುಗೆಮನೆಯಲ್ಲಿರುವ ಅತ್ತೆಗೆ ಕೇಳುತ್ತದೆ. ಕನ್ನಡದಲ್ಲಿ ಇಷ್ಟುದ್ದ ಬರೆದು ವರ್ಷಗಳಾದವು, ತಪ್ಪಿದ್ದರೆ ನಗಬೇಡ.

ನಮ್ಮ ಪಡಸಾಲೆಯ ಗೋಡೆಯಲ್ಲಿ ಒಂದು ಹಳೇ ಕೋವಿ ಇದೆಯಲ್ಲ, ಮಾವನವರ ಅಪ್ಪನ ಕಾಲದ್ದು, ಹೊಲಕ್ಕೆ ಬರುವ ಹಂದಿ ಓಡಿಸಲು ಲೈಸೆನ್ಸ್ ಇರುವುದು? ಅದಕ್ಕೆ ಈಗಿನ ಬಂದೂಕಿನ ಹಾಗೆ ಹಿಂದಿನಿಂದ ಗುಂಡು ಹಾಕುವುದಿಲ್ಲ. ನಳಿಗೆಯ ಬಾಯಿಂದಲೇ ಕರಿಮದ್ದು ಸುರಿದು, ತೆಂಗಿನ ನಾರು ತುರುಕಿ, ಸೀಸದ ಚರೆ ಹಾಕಿ, ಮೇಲೆ ಮತ್ತೆ ನಾರಿಟ್ಟು, ಗಜ ಎನ್ನುವ ಉದ್ದನೆಯ ಕಡ್ಡಿಯಿಂದ ಜಡಿಯಬೇಕು. ಹಿಂದುಗಡೆ ಒಂದು ಪುಟ್ಟ ಕೊಳವೆ, ಅದರ ಮೇಲೆ ಕಿಡಿ ಹಾರಿಸುವ ಕೇಪು. ಕುದುರೆ ಎನ್ನುವ ಪುಟ್ಟ ಸುತ್ತಿಗೆ ಬಂದು ಕೇಪಿಗೆ ಬಡಿದರೆ ಢಂ! ಇದನ್ನೆಲ್ಲ ವಿವರಿಸುವಾಗ ಇವರು ಹುಬ್ಬು ಕುಣಿಸುವುದನ್ನು ನೀನು ನೋಡಬೇಕಮ್ಮ, ಎಷ್ಟು ಚೆಂದ ಕಾಣುತ್ತಾರೆ ಅಂತ! ಸರಿ ಸರಿ, ವಿಷಯಕ್ಕೆ ಬರುತ್ತೇನೆ.

ಆಯುಧಪೂಜೆಗೆ ಮೊದಲು ಈ ಮನೆಯಲ್ಲಿ ಕೋವಿಯ ಮೈ ಒರೆಸಿ, ಎಣ್ಣೆ ಸವರಿ, ವಿಭೂತಿ ಹಚ್ಚುತ್ತಾರೆ. ಈ ಸಲ ಇವರು ಸರಿಯಾಗಿ ರಿಪೇರಿಯೇ ಮಾಡುತ್ತೇನೆಂದು ಬೆಳಿಗ್ಗೆ ಜಗಲಿಯಲ್ಲಿ ಕೂತರು. ಕೊಳವೆಯ ತೂತು ಮುಚ್ಚಿಹೋಗಿತ್ತು. ನನ್ನ ಸೀರೆಪಿನ್ ಇಸಿದುಕೊಂಡು ಕೆದಕಿ ಕೆದಕಿ ತುಕ್ಕು, ಮಣ್ಣು ಎಲ್ಲ ತೆಗೆದರು. ಆಮೇಲೆ ನಳಿಗೆಯ ಬಾಯಿಗೆ ತಮ್ಮ ಬಾಯಿಟ್ಟು ಊದಿದರು! ಗಾಳಿ ಹಿಂದಿನಿಂದ ಬಂದರೆ ತೂತು ಬಿಟ್ಟಿದೆ ಎಂದರ್ಥವಂತೆ, ಈ ಮನೆಯಲ್ಲಿ ಎಲ್ಲರೂ ಹಾಗೆಯೇ ನೋಡುವುದಂತೆ. ಗಾಳಿ ಬರಲಿಲ್ಲ.

"ಇನ್ನೂ ಕಸ ಐತೆ. ಒಂದು ಕೇಪು ಹೊಡದ್ರೆ ಎಲ್ಲಾ ಹಾರಿ ಹೋಗ್ತೈತೆ" ಎಂದು ಡಬ್ಬಿಗೆ ಕೈ ಹಾಕಿದರು.

ಇವರನ್ನು ಮೆಚ್ಚಿಸೋಣ ಅಂತ ನಾನು ಹಿಂದಿನ ದಿನವೇ ಹಳೇ ಕೋವಿ ಪರೀಕ್ಷಿಸುವ ಇಂಗ್ಲಿಷ್ ವಿಡಿಯೋ ಒಂದನ್ನು ನೋಡಿದ್ದೆ. ಗಜವನ್ನು ಒಳಗೆ ಬಿಟ್ಟು, ನಳಿಗೆಯ ಬಾಯಿ ಇರುವಲ್ಲಿ ಅದಕ್ಕೆ ಬೆರಳಿಟ್ಟು, ಹಾಗೇ ಹೊರಗೆ ತೆಗೆದು ನಳಿಗೆಯ ಪಕ್ಕ ಹಿಡಿಯಬೇಕು. ಕಡ್ಡಿ ತಳದವರೆಗೆ ಬಂದರೆ ಕೋವಿ ಖಾಲಿ. ಮೊದಲು ಅದನ್ನು ನೋಡಿ ಎಂದು ಹಟ ಹಿಡಿದೆ.

ಅತ್ತೆ ನಕ್ಕರು. "ನೋಡ್ರೀ, ನಮ್ಮ ಕೋವಿನೂ ಇಂಗ್ಲಿಷ್ ಮೀಡಿಯಂ ಸೇರ್ತು!" ಮಾವನವರು ಪೇಪರಿನಿಂದ ತಲೆ ಎತ್ತಲೂ ಇಲ್ಲ. "ಈಡು ತುಂಬಿದ್ರೆ ನಂಗೆ ಗೊತ್ತಿರಲ್ವೇನವ್ವಾ?" ಎಂದರು.

ಗಜ ತಳ ಮುಟ್ಟಲಿಲ್ಲಮ್ಮ. ನಾಲ್ಕು ಬೆರಳು ಕಡಿಮೆ ಬಂತು.

"ಅದೂ ಕಸನೇ ಕಣೇ" ಎನ್ನುತ್ತ ಇವರು ಕೇಪು ಕೂರಿಸಿ ಕುದುರೆಯನ್ನು ಹಿಂದಕ್ಕೆ ಎಳೆದೇಬಿಟ್ಟರು. ನಳಿಗೆ ತಿರುಗಿದ್ದು ಎಲ್ಲಿಗೆ ಗೊತ್ತೇ? ಅತ್ತೆ ಕೂತು ಶೇಂಗಾ ಬಿಡಿಸುತ್ತಿದ್ದ ಮೂಲೆಗೆ. ನಾನು ಕಿರುಚಿದೆ. ಏನು ಮಾಡುತ್ತಿದ್ದೇನೆ ಎನ್ನುವುದೂ ತಿಳಿಯದೆ ಕುದುರೆಯ ಕೆಳಗೆ ಹೆಬ್ಬೆರಳು ತುರುಕಿದೆ. ಅಷ್ಟರಲ್ಲಿ ಇವರು ಟ್ರಿಗರ್ ಒತ್ತಿದ್ದರು, ಕುದುರೆ ಬೆರಳ ಮೇಲೆ ಬಿತ್ತು. ಕೈಕಾಲು ಸರಿ ಎಂದೆನಲ್ಲ, ಉಗುರು ಮಾತ್ರ ಕಪ್ಪಾಗಿದೆ, ಅಷ್ಟೇ.

"ಹುಚ್ಚು ಹಿಡೀತೇನೇ ನಿಂಗೆ?" ಎಂದು ಇವರು ಮೊದಲ ಸಲ ನನ್ನ ಮೇಲೆ ರೇಗಿದರು. ಆದರೂ ನನ್ನ ಅಳು ನೋಡಲಾರದೆ ಕೇಪು ತೆಗೆದು, ನಳಿಗೆಯೊಳಗೆ ನೀರು ಹೊಯ್ದು ನೆನೆಸಿಟ್ಟು, ಗಜದ ತುದಿಗೆ ತಿರುಪು ಸಿಕ್ಕಿಸಿ ಎಳೆದರು. ಮೊದಲು ನಾರು ಬಂತು. ಆಮೇಲೆ ಚರೆ, ಪಟಪಟ ಅಂತ ಜಗಲಿಯ ಕಲ್ಲಿನ ಮೇಲೆ. ಕೊನೆಗೆ ಕಾಡಿಗೆಯಂಥ ನೀರು.

ಮಾವನವರ ಕೈಯಿಂದ ಪೇಪರ್ ಜಾರಿತು. "ಹೋದ್ ವರ್ಷ ಮೆಕ್ಕೆಜೋಳಕ್ಕೆ ಹಂದಿ ಬಿದ್ದಾಗ ನಾನೇ ತುಂಬಿದ್ದೆ. ಹೊಡದ್ರೆ ಹಾರಲಿಲ್ಲ. ಮಳೆಗೆ ಮದ್ದು ಸತ್ತೈತೆ ಅಂತ ತಂದು ತೂಗ್ಹಾಕಿದೆ. ತೆಗೆಯಾಕೆ ಮರ್ತೇಬಿಟ್ಟೆ" ಎಂದರು. ಒಳಗಿನ ಮದ್ದು ಎಷ್ಟು ವರ್ಷವಾದರೂ ಸಾಯುವುದಿಲ್ಲ ಎಂದು ವಿಡಿಯೋದವನು ಹೇಳಿದ್ದನ್ನು ನಾನು ಅವರಿಗೆ ಹೇಳಲಿಲ್ಲ.

ಅತ್ತೆ ನನ್ನ ಬೆರಳಿಗೆ ಅರಿಶಿನ ಕಟ್ಟುತ್ತ ಇವರ ಕಡೆ ತಿರುಗಿ, "ಮಾಂತೇಶ, ಇನ್ಮೇಲೆ ಇವ್ಳು ಗಜ ಇಳಿಸಿ ನೋಡಿ ಹೂಂ ಅನ್ನೋ ತಂಕ ಕೋವಿ ಮುಟ್ಟಬ್ಯಾಡ" ಎಂದರು. ನಾನು ಕುಣಿದಾಡಬೇಕಿತ್ತು ಅಲ್ಲವೇ? ಆದರೆ ಪಾತ್ರೆ ಬಿದ್ದರೂ ಬೆಚ್ಚುತ್ತಿದ್ದೇನಮ್ಮ. ಅಪ್ಪನಿಗೆ ಹೇಳಬೇಡ.

ನಿನ್ನ ಪುಕ್ಕಲು ಮಗಳು,
ವಾಣಿಶ್ರೀ

ಸಹಿ ಹಾಕಿದ ಮೇಲೆ: ಅಲ್ಲಿ ಮನೆಯ ಹಾಲ್‌ನಲ್ಲಿ ಟಿವಿಯ ಮೇಲೆ ನೀನು ಹಾಕಿರುವ ದೊಡ್ಡ ಫೋಟೋ, ಈ ವರ್ಷ ಮದುವೆಗೆ ಮುಂಚೆ ತೆಗೆಸಿದ್ದು, ಇವರು ನನ್ನ ಎದೆಗೆ ಕೋವಿ ಹಿಡಿದಿರುವುದು, ಅದನ್ನು ದೀಪಾವಳಿಗೆ ನಾವು ಬರುವಷ್ಟರಲ್ಲಿ ಇಳಿಸಿಬಿಡು. ಇದೇ ಕೋವಿ ಅದು. "ಬರೀ ಕೇಪು ಹೊಡೀರಿ ಸಾರ್, ಸೌಂಡಿಗೆ ಮೇಡಂ ಚೆನ್ನಾಗಿ ನಗ್ತಾರೆ" ಎಂದಿದ್ದ ಫೋಟೋಗ್ರಾಫರ್ ತಿಪ್ಪೇಶ್. ಇವರು ಹೊಡೆದರು. ಟಪ್ ಎಂದಿತು, ನಾನು ನಕ್ಕೆ. ಆ ದಿನವೂ ಈಡು ಒಳಗೇ ಇತ್ತು, ತೂತು ಮುಚ್ಚಿತ್ತು ಅಷ್ಟೇ. ಇವರಿಗೆ ಇದು ಹೊಳೆದಿಲ್ಲ ಎಂದುಕೊಂಡಿದ್ದೆ. ಇವರ ಫೋನಿನ ಪರದೆಯ ಮೇಲೂ ಅದೇ ಫೋಟೋ ಇತ್ತು. ಈಗ ಟೈಮ್ ನೋಡಲು ನಾನು ಅದನ್ನು ಎತ್ತಿಕೊಂಡರೆ ಗಂಟೆ ಕಾಣುತ್ತದೆ, ಹಿಂದೆ ಫೋಟೋ ಇಲ್ಲ, ಬರೀ ಕಪ್ಪು.